ನಿಂತ ಗುಂಡಿಗೆಗೆ ಕಾವಲು

1952ರ ಸೆಪ್ಟೆಂಬರ್ 2. ಅಮೆರಿಕದ ಮಿನಿಯಾಪೊಲಿಸ್ ನಗರದ ಆಪರೇಷನ್ ಥಿಯೇಟರಿನಲ್ಲಿ ಐದು ವರ್ಷದ ಹುಡುಗಿಯೊಬ್ಬಳನ್ನು ತಣ್ಣನೆಯ ದ್ರವ ಹರಿಯುವ ರಬ್ಬರ್ ಹೊದಿಕೆಯಲ್ಲಿ ಸುತ್ತಿ ಮಲಗಿಸಿದ್ದರು. ಮೈಯ ಶಾಖ 37 ಡಿಗ್ರಿಯಿಂದ ಮೆಲ್ಲಗೆ ಜಾರಿ 28 ಡಿಗ್ರಿಗೆ ಬಂತು. ಆಗ ಶಸ್ತ್ರವೈದ್ಯ ಎಫ್. ಜಾನ್ ಲೂಯಿಸ್ ಹೃದಯಕ್ಕೆ ರಕ್ತ ತರುವ ದೊಡ್ಡ ನಾಳಗಳನ್ನು ಬಿಗಿದು, ಮೇಲಿನ ಕೋಣೆಯನ್ನು ತೆರೆದು, ಎರಡು ಕೋಣೆಗಳ ನಡುವಿನ ಗೋಡೆಯಲ್ಲಿದ್ದ ತೂತನ್ನು ಹೊಲಿದರು. ರಕ್ತ ನಿಂತಿದ್ದದ್ದು ಐದೂವರೆ ನಿಮಿಷ. ಆಮೇಲೆ ಹುಡುಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿಟ್ಟು ಮೈ ಕಾಯಿಸಿದರು. ಕೆಲವೇ ದಿನಗಳಲ್ಲಿ ಅವಳು ನಡೆದುಕೊಂಡು ಮನೆಗೆ ಹೋದಳು. ಹೃದಯದ ಒಳಗನ್ನು ಕಣ್ಣಾರೆ ನೋಡಿಕೊಂಡು ನಡೆಸಿದ ಮೊದಲ ಯಶಸ್ವಿ ಶಸ್ತ್ರಚಿಕಿತ್ಸೆ ಅದು.

ಅದೇ ವರ್ಷ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ಎಂಬ ವಿಜ್ಞಾನಿಗಳ ಬರಹ ಪ್ರಕಟವಾಯಿತು. ವಿಷಯ ನೀಲಗಿರಿಯ ಬುಡಕಟ್ಟು ಜನರ ರಕ್ತ. ಅಲ್ಲಿಯವರೆಗೆ ಆಫ್ರಿಕಾ ಮೂಲದವರ ಕಾಯಿಲೆ ಎಂದು ವೈದ್ಯಲೋಕ ತಿಳಿದಿದ್ದ ಸಿಕಲ್ ಸೆಲ್ ಲಕ್ಷಣ ಪಣಿಯ, ಇರುಳ, ಕುರುಂಬ ಜನರಲ್ಲೂ ಕಾಣಿಸಿತ್ತು. ಆಮ್ಲಜನಕ ಕಡಿಮೆಯಾದಾಗ ಈ ಕಾಯಿಲೆಯವರ ಕೆಂಪು ರಕ್ತಕಣಗಳು ದುಂಡಗಿರುವುದನ್ನು ಬಿಟ್ಟು ಕುಡುಗೋಲಿನಂತೆ ಬಾಗುತ್ತವೆ, ಗಡುಸಾಗುತ್ತವೆ, ಸಣ್ಣ ನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ.

ಮಿನಿಯಾಪೊಲಿಸ್ಸಿನವರಿಗೆ ನೀಲಗಿರಿಯ ಸುದ್ದಿ ಬೇಕಿರಲಿಲ್ಲ, ನೀಲಗಿರಿಯಲ್ಲಿ ರಕ್ತದ ಮಾದರಿ ಪರೀಕ್ಷಿಸಿದವರಿಗೆ ಹೃದಯದ ಶಸ್ತ್ರಚಿಕಿತ್ಸೆಯ ಗೊಡವೆ ಇರಲಿಲ್ಲ. ಆದರೆ ಈ ಎರಡು ಸುದ್ದಿಗಳೂ ಒಂದೇ ಮಗುವಿನ ಮೈಯಲ್ಲಿ ಎದುರಾಗಬಹುದಾದ ಊರುಗಳಿವೆ. ಪನಮರಂ ಅಂಥ ಊರು.

ನೀಲಗಿರಿಗೆ ಅಂಟಿಕೊಂಡಿರುವ ವಯನಾಡು ಪ್ರಸ್ಥಭೂಮಿಯಲ್ಲಿ, ಮಾನಂದವಾಡಿಯಿಂದ ಕಲ್ಪೆಟ್ಟಕ್ಕೆ ಹೋಗುವ ದಾರಿಯಲ್ಲಿ, ಮುಂದೆ ಕಬಿನಿಯಾಗಲಿರುವ ಹೊಳೆಯ ದಂಡೆಯ ಮೇಲೆ ಪನಮರಂ ಇದೆ. ಇಲ್ಲಿನ ಕೋಟೆಯ ಮೇಲೆ 1802ರ ಅಕ್ಟೋಬರ್ 11ರಂದು ಎಡಚ್ಚೇನ ಕುಂಗನ್ ಮತ್ತು ತಲಕ್ಕಲ್ ಚಂದು ಕುರಿಚ್ಯ ಬಿಲ್ಲುಗಾರರನ್ನು ಕಟ್ಟಿಕೊಂಡು ಎರಗಿ ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ನೆಲಕಚ್ಚಿಸಿದ್ದರು. 1805ರ ನವೆಂಬರಿನಲ್ಲಿ ಚಂದುವನ್ನು ಕೊಂದದ್ದೂ ಪನಮರಂನಲ್ಲೇ. ಅವನ ಸ್ಮಾರಕ ಇಲ್ಲಿದೆ. ಊರಿನಾಚೆ ಕಾಫಿ ತೋಟಗಳ ನಡುವೆ ಜನಾರ್ದನಗುಡಿ, ವಿಷ್ಣುಗುಡಿ ಎಂಬ ಎರಡು ಹಳೆಯ ಜೈನ ಗುಡಿಗಳು ನಿಂತಿವೆ. ಗುಡಿ ಎನ್ನುವ ಆ ಮಾತೇ ಈ ನೆಲಕ್ಕೂ ಕನ್ನಡಕ್ಕೂ ಇದ್ದ ನಂಟನ್ನು ಹೇಳುತ್ತದೆ. 2011ರ ಜನಗಣತಿಯಂತೆ ವಯನಾಡಿನ 8,17,420 ಜನರಲ್ಲಿ ಶೇ. 18.5ರಷ್ಟು ಮಂದಿ ಪರಿಶಿಷ್ಟ ಪಂಗಡದವರು. ಪಣಿಯರು, ಕುರಿಚ್ಯರು, ಕುರುಮರು, ಅಡಿಯರು, ಕನ್ನಡಕ್ಕೆ ಹತ್ತಿರದ ಮಾತಾಡುವ ಕಾಟ್ಟುನಾಯಕರು. ಪಣಿಯ, ಕುರಿಚ್ಯ, ಕುರುಮ ಮನೆಗಳಲ್ಲೂ ವಯನಾಡನ್ ಚೆಟ್ಟಿಗಳಲ್ಲೂ ಸಿಕಲ್ ಸೆಲ್ ಇದೆ. ಗಡಿ ದಾಟಿ ಕರ್ನಾಟಕಕ್ಕೆ ಬಂದರೆ ಚಾಮರಾಜನಗರದ ಸೋಲಿಗರಲ್ಲಿ, ಮೈಸೂರು, ಕೊಡಗಿನ ಜೇನು ಕುರುಬರಲ್ಲಿಯೂ ಇದೆ.

ಹುಟ್ಟುವಾಗಲೇ ಹೃದಯದಲ್ಲಿ ತೂತಿರುವ ಮಕ್ಕಳು ಎಲ್ಲ ಊರುಗಳಲ್ಲಿಯೂ ಹುಟ್ಟುತ್ತಾರೆ. ಪನಮರಂ ಸುತ್ತಿನ ಹಾಡಿಯಲ್ಲಿ ಅಂಥ ಮಗು ಹುಟ್ಟಿದರೆ ಅದರ ಹೃದಯವನ್ನು ನಿಲ್ಲಿಸಿ, ಹೊಲಿದು, ಮತ್ತೆ ನಡೆಸುವ ವೈದ್ಯರ ಮುಂದೆ ಎರಡು ಚರಿತ್ರೆಗಳೂ ಬಂದು ನಿಲ್ಲುತ್ತವೆ.

*

ಹೃದಯದ ಶಸ್ತ್ರಚಿಕಿತ್ಸೆಯ ಕಥೆಯನ್ನು ಹೆಚ್ಚಾಗಿ ಕತ್ತರಿ, ಹೊಲಿಗೆ, ಯಂತ್ರಗಳ ಕಥೆಯಾಗಿ ಹೇಳುವುದುಂಟು. ಅದರೊಳಗೆ ಇನ್ನೊಂದು ಕಥೆ ಅಡಗಿದೆ. ಹೊಲಿಗೆ ಹಾಕಲು ಹೃದಯ ಅಲುಗಾಡಬಾರದು, ಒಳಗೆ ರಕ್ತ ತುಂಬಿರಬಾರದು. ಅದಕ್ಕಾಗಿ ಮಹಾಪಧಮನಿಗೆ ಕ್ಲಾಂಪ್ ಹಾಕುತ್ತಾರೆ. ಮೈಗೆಲ್ಲ ರಕ್ತ ಹಂಚುವ ಹೃದಯಕ್ಕೆ ತನ್ನ ಪಾಲಿನ ರಕ್ತ ಬರುವುದು ಆ ಮಹಾಪಧಮನಿಯ ಬುಡದಲ್ಲೇ ಕವಲೊಡೆಯುವ ಕರೊನರಿ ನಾಳಗಳಿಂದ. ಕ್ಲಾಂಪ್ ಬಿದ್ದ ಗಳಿಗೆಯಿಂದ ಹೃದಯದ ಸ್ನಾಯುವಿಗೆ ಉಪವಾಸ. ಆ ಉಪವಾಸವನ್ನು ಸ್ನಾಯು ಎಷ್ಟು ಹೊತ್ತು ತಾಳೀತು, ತಾಳುವಂತೆ ಮಾಡುವುದು ಹೇಗೆ ಎಂಬುದೇ ಈ ಒಳಗಿನ ಕಥೆ.

ಮೊದಲು ಹೊಳೆದ ಉತ್ತರ ಚಳಿ. ಕೆನಡಾದ ಟೊರಾಂಟೊದಲ್ಲಿ ವಿಲ್ಫ್ರೆಡ್ ಬಿಗೆಲೊ ಎಂಬ ವೈದ್ಯ ನಾಯಿಗಳ ಮೈ ತಂಪು ಮಾಡಿ ಪ್ರಯೋಗ ನಡೆಸಿದರು. ಚಳಿಗಾಲವನ್ನೆಲ್ಲ ಬಿಲದಲ್ಲಿ ನಿದ್ದೆಯಲ್ಲೇ ಕಳೆಯುವ ಪ್ರಾಣಿಗಳ ಮೇಲೂ ಅವರ ಕಣ್ಣಿತ್ತು. ಮೈ ತಂಪಾದಷ್ಟೂ ಅಂಗಾಂಗಗಳಿಗೆ ಬೇಕಾದ ಆಮ್ಲಜನಕ ಕಡಿಮೆ, ಆದ್ದರಿಂದ ರಕ್ತ ನಿಂತರೂ ಸ್ವಲ್ಪ ಹೊತ್ತು ತಡೆದುಕೊಳ್ಳಬಹುದು ಎಂದು 1950ರಲ್ಲಿ ಅವರು ತೋರಿಸಿಕೊಟ್ಟರು. ಲೂಯಿಸ್ ಎರಡು ವರ್ಷದ ಬಳಿಕ ಬಳಸಿದ್ದು ಇದನ್ನೇ. ಆದರೆ ಐದಾರು ನಿಮಿಷದಲ್ಲಿ ಮುಗಿಯುವ ಕೆಲಸಕ್ಕಷ್ಟೇ ಅದು ಸಾಕಾಗುತ್ತಿತ್ತು. ಕೆಳಗಿನ ಕೋಣೆಗಳ ನಡುವಿನ ತೂತು, ರಕ್ತದಲ್ಲಿ ಆಮ್ಲಜನಕ ಸಾಲದೆ ಮೈ ನೀಲಿಗಟ್ಟುವ ‘ನೀಲಿ ಮಕ್ಕಳ’ ಹೃದಯದ ತೊಡಕುಗಳು ಆರು ನಿಮಿಷದಲ್ಲಿ ಸರಿಹೋಗುವಂಥವಲ್ಲ.

1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ತಮ್ಮ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ 18 ವರ್ಷದ ಯುವತಿಯ ಹೃದಯದ ತೂತು ಮುಚ್ಚಿದರು. ಆಮೇಲೆ ಅವರ ಕೈಗೆ ಅಂಥ ಯಶಸ್ಸು ಮತ್ತೆ ಹತ್ತಲಿಲ್ಲ. 1954ರ ಮಾರ್ಚ್ 26ರಂದು ಮಿನಿಯಾಪೊಲಿಸ್ಸಿನಲ್ಲಿ ಸಿ. ವಾಲ್ಟನ್ ಲಿಲ್ಲೆಹೈ ಯಂತ್ರದ ಗೊಡವೆಯನ್ನೇ ಬಿಟ್ಟರು. ವರ್ಷ ದಾಟಿದ ಮಗುವಿನ ಪಕ್ಕದ ಮೇಜಿನ ಮೇಲೆ ಅದರ ಅಪ್ಪನನ್ನು ಮಲಗಿಸಿ ಇಬ್ಬರ ರಕ್ತನಾಳಗಳನ್ನು ಕೊಳವೆಗಳಿಂದ ಸೇರಿಸಿದರು. ಮಗುವಿನ ಹೃದಯ ತೆರೆದಿದ್ದಷ್ಟು ಹೊತ್ತು ಅಪ್ಪನ ಹೃದಯವೇ ಇಬ್ಬರಿಗೂ ದುಡಿಯಿತು. ತೂತು ಮುಚ್ಚಿತು, ಆದರೆ ಹನ್ನೊಂದನೆಯ ದಿನ ನ್ಯುಮೋನಿಯಾ ಮಗುವನ್ನು ಒಯ್ದಿತು. ಲಿಲ್ಲೆಹೈ ಬಿಡಲಿಲ್ಲ. ಹೀಗೆ 45 ಮಂದಿಗೆ ಶಸ್ತ್ರಚಿಕಿತ್ಸೆ ನಡೆದು 28 ಮಂದಿ ಬದುಕಿ ಮನೆಗೆ ಹೋದರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಎರಡು ಜೀವಕ್ಕೆ ಕುತ್ತು ತರುವ ಪದ್ಧತಿ ಇದು ಎಂಬ ಟೀಕೆಯೂ ಆಗ ಬಂದಿತ್ತು.

1955ರ ಹೊತ್ತಿಗೆ ರಕ್ತಕ್ಕೆ ಗುಳ್ಳೆಗಳ ಮೂಲಕ ಆಮ್ಲಜನಕ ಸೇರಿಸುವ ಸರಳ ಸಾಧನವನ್ನು ಲಿಲ್ಲೆಹೈ ಅವರ ಸಹೋದ್ಯೋಗಿ ರಿಚರ್ಡ್ ಡಿವಾಲ್ ರೂಪಿಸಿದರು. ಮೇಯೊ ಕ್ಲಿನಿಕ್ಕಿನಲ್ಲಿ ಜಾನ್ ಕರ್ಕ್ಲಿನ್ ಗಿಬ್ಬನ್ ಯಂತ್ರವನ್ನು ತಿದ್ದಿ ಪಳಗಿಸಿದರು. ಇನ್ನು ವೈದ್ಯರ ಕೈಯಲ್ಲಿ ಐದು ನಿಮಿಷದ ಬದಲು ಐವತ್ತು ನಿಮಿಷ. ಮೈಯನ್ನು ಯಂತ್ರ ಕಾಯುತ್ತಿತ್ತು. ಹೃದಯವನ್ನು ಕಾಯುವವರು ಇನ್ನೂ ಬಂದಿರಲಿಲ್ಲ.

*

ಲಂಡನ್ನಿನ ಡೆನಿಸ್ ಮೆಲ್ರೋಸ್ ಆ ಕೆಲಸಕ್ಕೆ ಕೈಹಾಕಿದರು. ಹೃದಯ ಬಡಿದುಕೊಳ್ಳುತ್ತಾ ಉಪವಾಸವಿರುವುದಕ್ಕಿಂತ ಪೂರ್ತಿ ನಿಂತು ಉಪವಾಸವಿರುವುದು ಮೇಲು ಎಂಬುದು ಅವರ ಲೆಕ್ಕ. 1955ರಲ್ಲಿ ಅವರು ಪೊಟ್ಯಾಸಿಯಂ ಸಿಟ್ರೇಟನ್ನು ರಕ್ತದಲ್ಲಿ ಬೆರೆಸಿ ಮಹಾಪಧಮನಿಯ ಬುಡಕ್ಕೆ ಚುಚ್ಚಿ ನಾಯಿಯ ಹೃದಯ ನಿಲ್ಲಿಸಿದ್ದನ್ನು ಪ್ರಕಟಿಸಿದರು. ಮರುವರ್ಷವೇ ಕ್ಲೀವ್‌ಲ್ಯಾಂಡಿನಲ್ಲಿ ಇದನ್ನು ರೋಗಿಗಳ ಮೇಲೆ ಬಳಸತೊಡಗಿದರು.

ಪೊಟ್ಯಾಸಿಯಂನ ಈ ಗುಣ ಲಂಡನ್ನಿಗೆ ಹಳೆಯ ಸುದ್ದಿ. 1880ರ ದಶಕದ ಆರಂಭದಲ್ಲಿ ಸಿಡ್ನಿ ರಿಂಗರ್ ಎಂಬ ವೈದ್ಯ ಕಪ್ಪೆಯ ಹೃದಯವನ್ನು ಮೈಯಿಂದ ಹೊರತೆಗೆದು ಉಪ್ಪುನೀರಿನಲ್ಲಿಟ್ಟು ಬಡಿಸುತ್ತಿದ್ದರು. ಒಮ್ಮೆ ಭಟ್ಟಿ ಇಳಿಸಿದ ಶುದ್ಧ ನೀರಿನಲ್ಲಿ ಉಪ್ಪು ಕದಡಿದಾಗ ಹೃದಯ ಬೇಗನೆ ನಿಂತಿತು. ಅಲ್ಲಿಯವರೆಗೆ ಚೆನ್ನಾಗಿ ಬಡಿಯುತ್ತಿದ್ದದ್ದು ಹೇಗೆ? ವಿಚಾರಿಸಿದರೆ ಸಹಾಯಕ ನಲ್ಲಿಯ ನೀರು ಬಳಸಿದ್ದ. ಲಂಡನ್ನಿನ ಗಡಸು ನೀರಿನಲ್ಲಿದ್ದ ಕ್ಯಾಲ್ಸಿಯಂ ಹೃದಯವನ್ನು ನಡೆಸಿತ್ತು. ತಪ್ಪನ್ನು ಮುಚ್ಚಿಡದೆ ರಿಂಗರ್ 1883ರಲ್ಲಿ ಹಾಗೆಯೇ ಬರೆದು ಪ್ರಕಟಿಸಿದರು. ಕ್ಯಾಲ್ಸಿಯಂ ಹೃದಯವನ್ನು ಬಿಗಿಯುತ್ತದೆ, ಪೊಟ್ಯಾಸಿಯಂ ಹೆಚ್ಚಾದರೆ ಅದು ಸಡಿಲವಾಗಿ ನಿಂತುಬಿಡುತ್ತದೆ, ಎರಡರ ಹದ ಸರಿಯಿದ್ದರೆ ಬಡಿಯುತ್ತದೆ ಎಂದು ಅವರು ಕಂಡುಕೊಂಡರು. ಇಂದಿಗೂ ಆಸ್ಪತ್ರೆಗಳಲ್ಲಿ ತೂಗುವ ರಿಂಗರ್ ಬಾಟಲಿ ಅಲ್ಲಿಂದ ಬಂದದ್ದು.

ಮೆಲ್ರೋಸ್ ತಪ್ಪಿದ್ದು ಈ ಹದದಲ್ಲಿ. ಅವರ ಮಿಶ್ರಣದ ಪೊಟ್ಯಾಸಿಯಂ ಇಂದು ಬಳಸುವುದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು, ಜೊತೆಗೆ ಸಿಟ್ರೇಟ್ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಆ ದ್ರಾವಣ ತಾಗಿದ ಹೃದಯಗಳಲ್ಲಿ ಸ್ನಾಯು ಸತ್ತ ಗುರುತುಗಳು ಕಾಣಿಸತೊಡಗಿದವು. 1960ರ ಸುಮಾರಿಗೆ ವೈದ್ಯರು ಅದನ್ನು ಕೈಬಿಟ್ಟರು. ದೋಷ ಪ್ರಮಾಣದಲ್ಲಿತ್ತು, ಬಲಿಯಾದದ್ದು ಪೊಟ್ಯಾಸಿಯಂನ ಹೆಸರು. ಮುಂದಿನ ಹತ್ತು ಹನ್ನೆರಡು ವರ್ಷ ಅಮೆರಿಕದಲ್ಲಿ ಅದರ ಸುದ್ದಿಗೆ ಹೋದವರು ಕಡಿಮೆ.

ಮತ್ತೆ ಚಳಿಯ ಸರದಿ. ಸ್ಟಾನ್‌ಫರ್ಡಿನ ನಾರ್ಮನ್ ಶಮ್‌ವೇ ಎದೆಗೂಡಿನೊಳಗೆ ಹೃದಯದ ಸುತ್ತ ಮಂಜಿನಷ್ಟು ತಣ್ಣಗಿನ ಸಲೈನ್ ಸುರಿದರು. ಜಪಾನಿನ ಕ್ಯೋಟೋದಲ್ಲಿ ಶುರುವಾದ ಮಾರ್ಗವನ್ನು ಹಿಡಿದು ನ್ಯೂಜಿಲೆಂಡಿನ ಬ್ರಯನ್ ಬ್ಯಾರಟ್-ಬಾಯ್ಸ್ ಎಳೆಯ ಶಿಶುಗಳನ್ನು ಮಂಜುಗಡ್ಡೆಯ ಚೀಲಗಳ ನಡುವೆ ಮಲಗಿಸಿ, ಮೈ 20 ಡಿಗ್ರಿಯ ಆಸುಪಾಸಿಗೆ ಬಂದಾಗ ರಕ್ತಸಂಚಾರವನ್ನೇ ನಿಲ್ಲಿಸಿ, ಒಳಗಿನ ಗೋಡೆಗಳನ್ನು ಸರಿಪಡಿಸಿದರು. ಅಲ್ಲಿಯವರೆಗೆ ಸ್ವಲ್ಪ ದೊಡ್ಡವರಾಗಲಿ ಎಂದು ಕಾಯಿಸಿ, ಕಾಯುವಾಗಲೇ ಕಳೆದುಕೊಳ್ಳುತ್ತಿದ್ದ ಶಿಶುಗಳಿಗೆ 1970ರ ದಶಕದಲ್ಲಿ ಹೀಗೆ ದಾರಿ ತೆರೆಯಿತು.

ಚಳಿಯೊಂದರಿಂದಲೇ ಎಲ್ಲ ಆಗಲಿಲ್ಲ. 1972ರಲ್ಲಿ ಹ್ಯೂಸ್ಟನ್ನಿನ ಡೆಂಟನ್ ಕೂಲಿ ಒಂದು ಭಯಾನಕ ಸ್ಥಿತಿಯನ್ನು ವರದಿ ಮಾಡಿದರು. ಹೊಲಿಗೆ ಸರಿಯಾಗಿದೆ, ಕ್ಲಾಂಪ್ ತೆಗೆದಾಗಿದೆ, ಆದರೆ ಹೃದಯ ಸಡಿಲವಾಗದೆ ಮುಷ್ಟಿ ಬಿಗಿದಂತೆ ಗಟ್ಟಿಯಾಗಿಬಿಟ್ಟಿದೆ. ಅದಕ್ಕೆ ಅವರಿಟ್ಟ ಹೆಸರು ಕಲ್ಲು ಹೃದಯ. ಸ್ನಾಯುವಿನ ಎಳೆಗಳು ಬಿಗಿಯಲು ಮಾತ್ರವಲ್ಲ, ಬಿಗಿತ ಬಿಡಲೂ ಶಕ್ತಿ ಬೇಕು. ಕ್ಯಾಲ್ಸಿಯಮ್ಮನ್ನು ಜೀವಕೋಶದಿಂದ ಹೊರಹಾಕಲೂ ಶಕ್ತಿ ಬೇಕು. ದಾಸ್ತಾನು ಪೂರ್ತಿ ಬರಿದಾದ ಹೃದಯ ಬಿಗಿದಲ್ಲೇ ಉಳಿಯುತ್ತದೆ.

ಅಲ್ಲಿಂದ ಗಾಳಿ ತಿರುಗಿತು. 1973ರಲ್ಲಿ ವಿಲಿಯಂ ಗೇ ಮತ್ತು ಪಾಲ್ ಎಬರ್ಟ್ ಪೊಟ್ಯಾಸಿಯಂ ಪ್ರಮಾಣವನ್ನು ಬಹಳ ತಗ್ಗಿಸಿ ಬಳಸಿದರೆ ಸ್ನಾಯುವಿಗೆ ಹಾನಿಯಿಲ್ಲ ಎಂದು ತೋರಿಸಿದರು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ವಿಜ್ಞಾನಿ ಡೇವಿಡ್ ಹರ್ಸ್, ಶಸ್ತ್ರವೈದ್ಯ ಮಾರ್ಕ್ ಬ್ರೇಂಬ್ರಿಜ್ ಜೊತೆಗೂಡಿ ಇಲಿಯ ಹೃದಯಗಳ ಮೇಲೆ ಒಂದೊಂದೇ ಲವಣವನ್ನು ಒರೆಗೆ ಹಚ್ಚಿದರು. ಅವರು ರೂಪಿಸಿದ ದ್ರಾವಣಕ್ಕೆ ತಳಹದಿ ರಿಂಗರ್ ದ್ರಾವಣವೇ. ಒಂದು ಲೀಟರಿಗೆ 16 ಮಿಲಿಮೋಲ್ ಪೊಟ್ಯಾಸಿಯಂ ಕ್ಲೋರೈಡ್, ಅಷ್ಟೇ ಮೆಗ್ನೀಸಿಯಂ ಕ್ಲೋರೈಡ್, ಚೂರು ಪ್ರೊಕೇಯ್ನ್. 1970ರ ದಶಕದ ನಡುವಿನಿಂದ ಸೇಂಟ್ ಥಾಮಸ್ ದ್ರಾವಣ ಜಗತ್ತಿನ ಥಿಯೇಟರುಗಳಿಗೆ ಹರಡಿತು. ಹೃದಯ ನಿಲ್ಲಿಸುವ ಇಂಥ ದ್ರಾವಣಕ್ಕಿದ್ದ ಕಾರ್ಡಿಯೋಪ್ಲೀಜಿಯಾ ಎಂಬ ಉದ್ದದ ಹೆಸರು ವೈದ್ಯರ ಬಾಯಲ್ಲಿ ಬರೀ ‘ಪ್ಲೀಜಿಯಾ’ ಆಯಿತು.

ಲಾಸ್ ಏಂಜಲೀಸ್‌ನ ಜೆರಾಲ್ಡ್ ಬಕ್‌ಬರ್ಗ್ 1970ರ ದಶಕದ ಕೊನೆಯಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಬರೀ ಲವಣದ ನೀರಿನ ಬದಲು ರೋಗಿಯ ರಕ್ತವನ್ನೇ ಪೊಟ್ಯಾಸಿಯಂ ಜೊತೆ ಬೆರೆಸಿ ಕೊಟ್ಟರೆ ಹೃದಯ ನಿಲ್ಲುವುದೂ ಆಯಿತು, ಆಮ್ಲಜನಕ ಸಿಕ್ಕಂತೆಯೂ ಆಯಿತು. ಅವರ ತಂಡದ ಅಳತೆಗಳಲ್ಲಿ ಮುಂದೆ ಬಹಳ ಕೆಲಸಕ್ಕೆ ಬಂದ ಲೆಕ್ಕವೊಂದಿತ್ತು. ದುಡಿಯುವ ಹೃದಯದ ಆಮ್ಲಜನಕದ ಖರ್ಚನ್ನು ನೂರು ಪಾಲು ಎಂದಿಟ್ಟುಕೊಂಡರೆ, ಮೈ ಬೆಚ್ಚಗಿರುವಾಗಲೇ ಪೊಟ್ಯಾಸಿಯಂನಿಂದ ನಿಲ್ಲಿಸಿದ ಹೃದಯಕ್ಕೆ ಸುಮಾರು ಹತ್ತು ಪಾಲು ಸಾಕು. ಅದರ ಮೇಲೆ 22 ಡಿಗ್ರಿಗೆ ತಣಿಸಿದರೆ ಮೂರು ಪಾಲಿಗೆ ಇಳಿಯುತ್ತದೆ. ಅಂದರೆ ಉಳಿತಾಯದ ದೊಡ್ಡ ಗಂಟು ಬರುವುದು ನಿಲ್ಲಿಸುವುದರಿಂದ. ಚಳಿ ಕೊಡುವುದು ಮೇಲಿನ ಚಿಲ್ಲರೆ.

ಈ ಲೆಕ್ಕವನ್ನು ಕೊನೆಯವರೆಗೆ ಎಳೆದವರು, ವಿಚಿತ್ರವೆಂದರೆ, ಚಳಿಯ ತವರಾದ ಟೊರಾಂಟೊದವರೇ. 1991ರಲ್ಲಿ ಸ್ಯಾಮ್ಯುಯೆಲ್ ಲಿಖ್ಟನ್‌ಸ್ಟೈನ್, ತೋಮಾಸ್ ಸಲೆರ್ನೊ ಮತ್ತು ಸಂಗಡಿಗರು ಪ್ಲೀಜಿಯಾವನ್ನು ಮೈಯ ಶಾಖದಲ್ಲೇ ಕೊಟ್ಟು, ವಯಸ್ಕರ ಹೃದಯವನ್ನು ಬೆಚ್ಚಗೆ ನಿಲ್ಲಿಸಿ ಶಸ್ತ್ರಚಿಕಿತ್ಸೆ ನಡೆಸಿದ್ದನ್ನು ವರದಿ ಮಾಡಿದರು. ಮುಂದಿನ ದಶಕದಲ್ಲಿ ಫ್ರಾನ್ಸಿನ ಮಾಸಿ ಪಟ್ಟಣದಲ್ಲಿ ಈವ್ ದ್ಯುರಾಂದಿ ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಿಯೂ ಬೆಚ್ಚಗಿನ ರಕ್ತದ ಪ್ಲೀಜಿಯಾ ಬಳಸತೊಡಗಿದರು.

*

ಮಗುವಿನ ಹೃದಯ ಎಂದರೆ ದೊಡ್ಡವರ ಹೃದಯದ ಸಣ್ಣ ಪ್ರತಿಯಲ್ಲ. ದೊಡ್ಡವರ ಹೃದಯ ಹೆಚ್ಚಾಗಿ ಕೊಬ್ಬನ್ನು ಉರಿಸಿ ದುಡಿದರೆ, ಎಳೆಯ ಹೃದಯ ಸಕ್ಕರೆಯನ್ನು ಹೆಚ್ಚು ನೆಚ್ಚಿಕೊಂಡಿದೆ. ಆಮ್ಲಜನಕವಿಲ್ಲದ ಹೊತ್ತನ್ನು ಒಂದಿಷ್ಟು ಹೆಚ್ಚು ತಾಳಿಕೊಳ್ಳುತ್ತದೆ. ಆದರೆ ಕ್ಯಾಲ್ಸಿಯಂ ಕೂಡಿಡುವ ಒಳಗಿನ ಕಣಜ ಅದರಲ್ಲಿ ಇನ್ನೂ ಪೂರ್ತಿ ಕಟ್ಟಿರುವುದಿಲ್ಲ. ಹೊರಗಿನ ಕ್ಯಾಲ್ಸಿಯಮ್ಮಿನ ಏರಿಳಿತ ನೇರವಾಗಿ ತಾಗುತ್ತದೆ, ಕ್ಲಾಂಪ್ ತೆಗೆದು ರಕ್ತ ಮತ್ತೆ ನುಗ್ಗಿದಾಗ ಕ್ಯಾಲ್ಸಿಯಂ ಪ್ರವಾಹದಂತೆ ಒಳಹೋಗಬಹುದು. ನೀಲಿ ಮಕ್ಕಳ ಪಾಡು ಇನ್ನೂ ಕಷ್ಟ. ಹುಟ್ಟಿದಾಗಿನಿಂದ ಅರೆಹೊಟ್ಟೆಯಲ್ಲಿರುವ ಅವರ ಹೃದಯಕ್ಕೆ ಉಪವಾಸ ತಾಳುವ ಕಸುವು ಕಡಿಮೆ, ಮೈ ಬೆಳೆಸಿಕೊಂಡ ಅಡ್ಡದಾರಿಯ ನಾಳಗಳಿಂದ ರಕ್ತ ಒಸರಿ ಬಂದು ಕೊಟ್ಟ ಪ್ಲೀಜಿಯಾವನ್ನು ತೊಳೆದುಕೊಂಡು ಹೋಗುತ್ತದೆ.

ಈ ಎಳೆಯ ಸ್ನಾಯುವಿಗೆಂದೇ ಅಳೆದು ಹೊಲಿದ ಅಂಗಿಯಂತೆ ಬಂದದ್ದು ಪೆಡ್ರೊ ಡೆಲ್ ನಿಡೊ ಅವರ ದ್ರಾವಣ. 1990ರ ದಶಕದ ಆರಂಭದಲ್ಲಿ ಪಿಟ್ಸ್‌ಬರ್ಗಿನಲ್ಲಿ ರೂಪುಗೊಂಡು ಅವರೊಂದಿಗೇ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಗೆ ಹೋದ ಈ ಮಿಶ್ರಣದಲ್ಲಿ ರಕ್ತ ಒಂದು ಪಾಲು, ದ್ರಾವಣ ನಾಲ್ಕು ಪಾಲು. ಪೊಟ್ಯಾಸಿಯಂ ಹೃದಯವನ್ನು ನಿಲ್ಲಿಸುತ್ತದೆ, ಲಿಡೊಕೇಯ್ನ್ ಸೋಡಿಯಂನ ಬಾಗಿಲು ಹಾಕುತ್ತದೆ, ಮೆಗ್ನೀಸಿಯಂ ಕ್ಯಾಲ್ಸಿಯಮ್ಮನ್ನು ಹೊಸ್ತಿಲಲ್ಲೇ ತಡೆಯುತ್ತದೆ, ಮ್ಯಾನಿಟಾಲ್ ಊತ ಇಳಿಸುತ್ತದೆ, ಬೈಕಾರ್ಬನೇಟ್ ಹುಳಿ ತಗ್ಗಿಸುತ್ತದೆ. ಒಂದು ಕಿಲೋ ತೂಕಕ್ಕೆ 20 ಮಿಲಿಲೀಟರ್ ಲೆಕ್ಕ. ಐದು ಕಿಲೋ ಮಗುವಿಗೆ 100 ಮಿಲಿಲೀಟರ್, ಅಂದರೆ ಹೋಟೆಲಿನ ಒಂದು ಕಾಫಿಯಷ್ಟು. ಹಳೆಯ ದ್ರಾವಣಗಳನ್ನು ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಮತ್ತೆ ಕೊಡಬೇಕಿತ್ತು, ಶಸ್ತ್ರವೈದ್ಯ ಪ್ರತಿ ಸಲ ಕೈ ತಡೆದು ನಿಲ್ಲಬೇಕಿತ್ತು. ಇದನ್ನು ಒಮ್ಮೆ ಕೊಟ್ಟರೆ ಗಂಟೆ ಮೀರಿ ನಿಲ್ಲುತ್ತದೆ.

ಡೆಲ್ ನಿಡೊ ದ್ರಾವಣದ ಮೂಲ ಪಾಕದಲ್ಲಿರುವ ಪ್ಲಾಸ್ಮಾ-ಲೈಟ್ ಭಾರತದಲ್ಲಿ ಎಲ್ಲ ಕಡೆ ಸುಲಭವಾಗಿ ಸಿಗುತ್ತಿರಲಿಲ್ಲ. ಹಲವು ತಂಡಗಳು ಅದರ ಜಾಗಕ್ಕೆ ರಿಂಗರ್ ದ್ರಾವಣವನ್ನೇ ತಂದುಕೊಂಡವು. ಸಹಾಯಕ ನಲ್ಲಿಯ ನೀರು ಹಿಡಿದಿದ್ದ ಆ ಪ್ರಯೋಗಶಾಲೆಯ ಬಾಟಲಿ ಹೀಗೆ ಮತ್ತೆ ಹೃದಯ-ಶ್ವಾಸಕೋಶ ಯಂತ್ರ ನಡೆಸುವ ಪರ್ಫ್ಯೂಷನಿಸ್ಟನ ಕೈಗೆ ಬಂತು.

ಭಾರತದಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆ ಬೇರೂರಿದ್ದು 1960ರ ದಶಕದಲ್ಲಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಆ ಕೆಲಸ ಮಾಡಿದ ನಾಗರೂರ್ ಗೋಪಿನಾಥ್ ಇದರ ಮೊದಲಿಗರಲ್ಲಿ ಒಬ್ಬರು. 1970ರ ದಶಕದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಎಂ.ಎಸ್. ವಲಿಯತ್ತಾನ್ ಅವರ ಮುಂದಾಳತ್ವದಲ್ಲಿ ಬೆಳೆಯಿತು. ಅವರು ಮುಂದೆ ಮಣಿಪಾಲದ ವಿಶ್ವವಿದ್ಯಾಲಯದ ಕುಲಪತಿಯಾಗಿ ಕರಾವಳಿಯವರೇ ಆಗಿಹೋದರು. ಕಿನ್ನಿಗೋಳಿಯಲ್ಲಿ ಹುಟ್ಟಿದ ದೇವಿ ಶೆಟ್ಟಿ 1992ರಲ್ಲಿ ಕೊಲ್ಕತ್ತದಲ್ಲಿ ನವಜಾತ ಕೂಸಿನ ಹೃದಯಕ್ಕೆ ಶಸ್ತ್ರಚಿಕಿತ್ಸೆ ಮಾಡಿದರು. 2001ರ ಹೊತ್ತಿಗೆ ಬೆಂಗಳೂರಿನ ಅಂಚಿನಲ್ಲಿ ಅವರ ನಾರಾಯಣ ಹೃದಯಾಲಯ, ವೈಟ್‌ಫೀಲ್ಡಿನಲ್ಲಿ ಹಣ ಪಡೆಯದೆ ಶಸ್ತ್ರಚಿಕಿತ್ಸೆ ಮಾಡುವ ಸತ್ಯಸಾಯಿ ಆಸ್ಪತ್ರೆ ಎರಡೂ ತೆರೆದಿದ್ದವು. 2003ರ ಜುಲೈನಲ್ಲಿ ದೆಹಲಿ-ಲಾಹೋರ್ ಬಸ್ಸು ಮತ್ತೆ ಓಡತೊಡಗಿದಾಗ ಅದರಲ್ಲಿ ಬಂದ ಪಾಕಿಸ್ತಾನದ ಪುಟ್ಟ ಹುಡುಗಿಯೊಬ್ಬಳು ಹೃದಯದ ತೂತು ಮುಚ್ಚಿಸಿಕೊಳ್ಳಲು ಹೋದದ್ದು ಬೆಂಗಳೂರಿಗೇ.

*

ಪನಮರಂನಿಂದ ಬೆಂಗಳೂರು ಲಾಹೋರಿನಷ್ಟು ದೂರವಿಲ್ಲ. ಆದರೂ ದಾರಿ ಸಲೀಸಲ್ಲ. ಕೋಯಿಕ್ಕೋಡಿಗೆ ಇಳಿಯಬೇಕಾದರೆ ತಾಮರಶ್ಶೇರಿ ಘಾಟಿಯ ಒಂಬತ್ತು ಹಿಮ್ಮುರಿ ತಿರುವುಗಳು. ಮೈಸೂರಿನ ಕಡೆಗೆ ಬಂದರೆ ಬಂಡೀಪುರದ ಕಾಡು. ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ತಡೆ, ಆಂಬುಲೆನ್ಸಿಗೆ ಬಿಡುವುಂಟು. 2017ರಲ್ಲಿ ಕೇರಳ ಸರಕಾರ ‘ಹೃದ್ಯಂ’ ಯೋಜನೆ ತಂದಿತು. ಹುಟ್ಟು ಹೃದ್ರೋಗದ ಮಗುವಿನ ಹೆಸರನ್ನು ಕಂಪ್ಯೂಟರಿನಲ್ಲಿ ದಾಖಲಿಸಿದರೆ, ಎಷ್ಟು ತುರ್ತು ಎಂದು ತಜ್ಞರು ನೋಡಿ ಆಸ್ಪತ್ರೆ ಗೊತ್ತುಮಾಡುತ್ತಾರೆ, ಶಸ್ತ್ರಚಿಕಿತ್ಸೆಯ ಖರ್ಚು ಸರಕಾರದ್ದು. ನವಜಾತ ಶಿಶುವಿನ ಪಾದಕ್ಕೆ ಪಲ್ಸ್ ಆಕ್ಸಿಮೀಟರ್ ಸಿಕ್ಕಿಸಿ ಆಮ್ಲಜನಕ ನೋಡುವ ಅಭ್ಯಾಸ ಬಂದ ಮೇಲೆ ಹಲವು ಹೃದಯಗಳ ಗುಟ್ಟು ತೊಟ್ಟಿಲಲ್ಲೇ ರಟ್ಟಾಗುತ್ತದೆ.

ಆ ಹೃದಯದಲ್ಲಿ ಹರಿಯುವ ರಕ್ತ ಎಂಥದ್ದು ಎಂಬ ಪ್ರಶ್ನೆ ವಯನಾಡಿನಲ್ಲಿ ಬೇರೆಯೇ ದಾರಿಯಲ್ಲಿ ಎದ್ದಿತ್ತು. ನಾಗಪುರದಿಂದ 1980ರಲ್ಲಿ ಬಂದು ಮುಟ್ಟಿಲ್‌ನ ಸ್ವಾಮಿ ವಿವೇಕಾನಂದ ಮೆಡಿಕಲ್ ಮಿಷನ್ನಿನಲ್ಲಿ ನೆಲೆನಿಂತ ವೈದ್ಯ ಧನಂಜಯ ಸಗ್ದೇವ್ ಹಾಡಿಗಳ ಜನರಲ್ಲಿ ಕೈಕಾಲು ಗೆಣ್ಣುಗಳ ನೋವು, ಕಾಮಾಲೆ, ರಕ್ತಹೀನತೆಯ ಹಿಂದಿದ್ದ ಸಿಕಲ್ ಸೆಲ್ಲನ್ನು ಹುಡುಕಿ ಗುರುತಿಸುವ ಕೆಲಸಕ್ಕೆ ದಶಕಗಳನ್ನು ಕೊಟ್ಟರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ವಂಶವಾಹಿ ಬುಡಕಟ್ಟು ಜನರಲ್ಲಿ ಉಳಿದುಕೊಂಡಿರುವುದಕ್ಕೂ ಕಾರಣವಿದೆ. ಅಪ್ಪ ಅಮ್ಮಂದಿರಲ್ಲಿ ಒಬ್ಬರಿಂದ ಮಾತ್ರ ಇದನ್ನು ಪಡೆದವರನ್ನು ಮಲೇರಿಯಾ ಸುಲಭಕ್ಕೆ ಕೊಲ್ಲಲಾರದು ಎಂದು ಆಂಥನಿ ಆಲಿಸನ್ 1954ರಲ್ಲಿ ಆಫ್ರಿಕಾದಲ್ಲಿ ಕಂಡುಕೊಂಡರು. ವಯನಾಡು ಕಾಡುಜ್ವರಕ್ಕೆ ಹೆಸರಾಗಿದ್ದ ಸೀಮೆ. ಇಬ್ಬರಿಂದಲೂ ಪಡೆದ ಮಗುವಿಗೆ ಮಾತ್ರ ಅದೇ ವರ ಕಾಯಿಲೆಯಾಗುತ್ತದೆ.

ಅಂಥ ಮಗು ಥಿಯೇಟರಿಗೆ ಬಂದಾಗ ಎಪ್ಪತ್ತು ವರ್ಷಗಳ ಪದ್ಧತಿ ತಲೆಕೆಳಗಾಗುತ್ತದೆ. ತಂಪು ಮಾಡಿದರೆ ಸಣ್ಣ ನಾಳಗಳು ಕುಗ್ಗುತ್ತವೆ, ರಕ್ತದ ಓಟ ನಿಧಾನವಾಗುತ್ತದೆ. ಕ್ಲಾಂಪ್ ಹಾಕಿದ ಹೃದಯದೊಳಗೆ ಆಮ್ಲಜನಕ ತೀರುತ್ತದೆ, ಆಮ್ಲ ಏರುತ್ತದೆ. ಕೆಂಪುಕಣ ಕುಡುಗೋಲಾಗಲು ಬೇಕಾದ ಎಲ್ಲವೂ ಅಲ್ಲೇ ಕೂಡಿಬರುತ್ತವೆ. ಹೃದಯವನ್ನು ಕಾಯಬೇಕಾದ ತಣ್ಣನೆಯ ರಕ್ತದ ಪ್ಲೀಜಿಯಾ ಕರೊನರಿಯ ಸಣ್ಣ ಕವಲುಗಳಲ್ಲಿ ಕಟ್ಟಿಕೊಳ್ಳುವ ಭಯ.

ಅದಕ್ಕೆ ವೈದ್ಯರು ಕಂಡುಕೊಂಡ ದಾರಿಗಳು ಹಲವು. ಮೊದಲನೆಯದು ಶಸ್ತ್ರಚಿಕಿತ್ಸೆಗೆ ಮುಂಚೆಯೇ ರಕ್ತ ಬದಲಾಯಿಸಿ ಕುಡುಗೋಲು ಹಿಮೋಗ್ಲೋಬಿನ್ ಪಾಲನ್ನು ಸಾಮಾನ್ಯವಾಗಿ ಶೇ. 30ಕ್ಕಿಂತ ಕೆಳಗೆ ಇಳಿಸುವುದು. ಎಳೆಯ ಮಕ್ಕಳಲ್ಲಿ ಯಂತ್ರವೇ ಇದಕ್ಕೆ ಒದಗಿಬರುತ್ತದೆ. ಐದು ಕಿಲೋ ಮಗುವಿನ ಮೈಯಲ್ಲಿರುವುದು ಸುಮಾರು 400 ಮಿಲಿಲೀಟರ್ ರಕ್ತ. ಕೊಳವೆಗಳನ್ನು ದಾನಿಯ ರಕ್ತದಿಂದ ತುಂಬಿ ಪಂಪ್ ಶುರುಮಾಡಿದೊಡನೆ ಮಗುವಿನ ರಕ್ತ ತಾನಾಗಿ ತೆಳುವಾಗುತ್ತದೆ. ಬೇಕಿದ್ದರೆ ಆಗಲೇ ಹಳೆಯದನ್ನು ಹೊರತೆಗೆಯಬಹುದು. ಎರಡನೆಯದು ಮೈಯನ್ನು ಬೆಚ್ಚಗೇ ಇಟ್ಟು ಬೆಚ್ಚಗಿನ ರಕ್ತದ ಪ್ಲೀಜಿಯಾ ಕೊಡುವುದು. ಬಕ್‌ಬರ್ಗ್ ಲೆಕ್ಕ ಕೆಲಸಕ್ಕೆ ಬರುವುದು ಇಲ್ಲಿ. ನಿಲ್ಲಿಸುವುದರಿಂದಲೇ ನೂರರಲ್ಲಿ ತೊಂಬತ್ತು ಪಾಲು ಉಳಿಯುವಾಗ ಕೊನೆಯ ಕೆಲವು ಪಾಲಿಗಾಗಿ ಚಳಿಯನ್ನು ಕರೆಯಬೇಕಿಲ್ಲ. ಇನ್ನು ಕೆಲವರು ಕರೊನರಿಗಳನ್ನು ಮೊದಲು ರಕ್ತವಿಲ್ಲದ ದ್ರಾವಣದಿಂದ ತೊಳೆದು, ಆಮೇಲೆ ತಣ್ಣನೆಯದನ್ನು ಬಿಡುತ್ತಾರೆ. ರಕ್ತ ಚೆನ್ನಾಗಿ ಬದಲಾಯಿಸಿದ ಮೇಲೆ ಸಾಧಾರಣ ತಂಪಿಗೆ ಹೆದರಬೇಕಿಲ್ಲ ಎನ್ನುವ ತಂಡಗಳೂ ಇವೆ. ಒಬ್ಬರಿಂದ ಮಾತ್ರ ವಂಶವಾಹಿ ಪಡೆದ ಮಕ್ಕಳು ಸಾಮಾನ್ಯವಾಗಿ ಇಷ್ಟೆಲ್ಲ ತೊಡಕಿಲ್ಲದೆ ಪಾರಾಗುತ್ತಾರೆ. ಆದರೂ ವಿಷಯ ಮೊದಲೇ ಗೊತ್ತಿರುವುದು ಒಳ್ಳೆಯದು.

ಗೊತ್ತಾಗುವುದೇ ಎಷ್ಟೋ ಸಲ ಕಷ್ಟ. ಹುಟ್ಟಿದ ಮೊದಲ ಕೆಲವು ತಿಂಗಳು ಮಗುವಿನ ಮೈಯಲ್ಲಿ ಗರ್ಭದ ಕಾಲದ ಹಿಮೋಗ್ಲೋಬಿನ್ನೇ ಹೆಚ್ಚಿರುತ್ತದೆ. ಅದು ಕುಡುಗೋಲಾಗುವುದಿಲ್ಲ, ಮಗುವನ್ನು ಕಾಯುತ್ತದೆ. ಹಾಗೆಯೇ ಕಾಯಿಲೆಯನ್ನು ಮರೆಮಾಚುತ್ತದೆ. ಹಳ್ಳಿಯ ಲ್ಯಾಬಿನಲ್ಲಿ ನಿಮಿಷಗಳಲ್ಲಿ ಮುಗಿಯುವ ಸರಳ ಪರೀಕ್ಷೆ ಆರು ತಿಂಗಳೊಳಗಿನ ಕೂಸಿನಲ್ಲಿ ಸುಳ್ಳು ಹೇಳಬಹುದು. ನಡುವೆ ಎಲ್ಲಾದರೂ ರಕ್ತ ಕೊಟ್ಟಿದ್ದರೆ ದಾನಿಯ ಕಣಗಳು ಇನ್ನಷ್ಟು ದಾರಿ ತಪ್ಪಿಸುತ್ತವೆ. ಹಿಮೋಗ್ಲೋಬಿನ್ನನ್ನು ಬಗೆ ಬಗೆಯಾಗಿ ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿ ಪರೀಕ್ಷೆ ಬೇಕು, ಅಪ್ಪ ಅಮ್ಮಂದಿರ ರಕ್ತವನ್ನೂ ನೋಡಬೇಕು. ಕೇಂದ್ರ ಸರಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭಿಸಿದ ಸಿಕಲ್ ಸೆಲ್ ನಿರ್ಮೂಲನಾ ಕಾರ್ಯಕ್ರಮ ಬುಡಕಟ್ಟು ಸೀಮೆಗಳಲ್ಲಿ ಜನರನ್ನು ಪರೀಕ್ಷಿಸಿ ಕಾರ್ಡು ಕೊಡುತ್ತಿದೆ. ದೂರದ ಆಸ್ಪತ್ರೆಯಲ್ಲಿ ಮಗುವಿನ ಜಾತಿ, ಹಾಡಿ, ಭಾಷೆ ಯಾವುದೂ ತಿಳಿಯದ ಅರಿವಳಿಕೆ ವೈದ್ಯರಿಗೆ ಆ ಕಾರ್ಡೇ ಮೊದಲ ಸೂಚನೆ.

ಹೀಗಾಗಿ ಪನಮರಂ ಕಡೆಯಿಂದ ಘಾಟಿ ಇಳಿದೋ ಕಾಡು ದಾಟಿಯೋ ಬರುವ ಮಗುವಿನ ಫೈಲಿನಲ್ಲಿ ಎಕೋ ವರದಿಯ ಹಿಂದೆ ಇನ್ನೊಂದು ಚೀಟಿ ಪಿನ್ ಆಗಿರಬೇಕು. ಅದರಲ್ಲಿ ಕುಡುಗೋಲು ಹಿಮೋಗ್ಲೋಬಿನ್ನಿನ ಅಂಕಿ ಕಂಡರೆ ರಕ್ತನಿಧಿಗೆ ಮುಂಚಿತವಾಗಿ ಫೋನು ಹೋಗುತ್ತದೆ. ಪರ್ಫ್ಯೂಷನಿಸ್ಟ್ ಯಂತ್ರದ ನೀರಿನ ಶಾಖವನ್ನು ಇಳಿಸದೆ 36ರ ಹತ್ತಿರವೇ ಬಿಡುತ್ತಾನೆ. ನರ್ಸ್ ಅರೆದು ತಂದಿಟ್ಟ ಮಂಜಿನ ಬೋಗುಣಿ ಟ್ರಾಲಿಯ ಕೆಳಗಿನ ಹಲಗೆಯಲ್ಲೇ ಕರಗಿ ನೀರಾಗುತ್ತದೆ.